ಮೊದಲು ಕೈ, ಆಮೇಲೆ ಮಾತು

(ಫೆಬ್ರವರಿ 2: ದೇವಾಲಯದಲ್ಲಿ ಬಾಲಯೇಸುವಿನ ಸಮರ್ಪಣೆಯ ಹಬ್ಬ. ಶುಭಸಂದೇಶ: ಲೂಕ 2:22-40)



ಉರಿಯುವ ಮೇಣದಬತ್ತಿಗಳನ್ನು ಕೈಯಲ್ಲಿ ಹಿಡಿದು ಈಗಷ್ಟೇ ನಾವೆಲ್ಲ ಮೆರವಣಿಗೆಯಲ್ಲಿ ದೇವಾಲಯದೊಳಗೆ ಬಂದೆವು. ಕ್ರಿಸ್ತಜಯಂತಿಯಿಂದ ಎಣಿಸಿದರೆ ಇಂದಿಗೆ ನಲವತ್ತು ದಿನ. ಗೋದಲಿಯನ್ನು ಬಿಚ್ಚಿಟ್ಟಾಯಿತು, ನಕ್ಷತ್ರದ ದೀಪಗಳನ್ನು ಇಳಿಸಿಯಾಯಿತು. ಆದರೂ ಧರ್ಮಸಭೆ ಇಂದು ಮತ್ತೊಮ್ಮೆ ಆ ಕೂಸನ್ನು ನಮ್ಮ ಮುಂದೆ ತರುತ್ತದೆ. ಈ ಸಲ ಅದು ಗೋದಲಿಯಲ್ಲಿ ಮಲಗಿರುವ ಕೂಸಲ್ಲ; ತಾಯಿಯ ತೋಳಿನಿಂದ ಒಬ್ಬ ಮುದುಕರ ತೋಳಿಗೆ ಹೋಗುವ ಕೂಸು.

ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಗಂಡುಮಗು ಹುಟ್ಟಿ ನಲವತ್ತು ದಿನ ತುಂಬಿದ ಮೇಲೆ ತಾಯಿ ದೇವಾಲಯಕ್ಕೆ ಕಾಣಿಕೆ ತರಬೇಕಿತ್ತು. ಕುರಿಮರಿ ಕೊಡಬೇಕು, ಅದಕ್ಕೆ ಶಕ್ತಿಯಿಲ್ಲದವರು ಎರಡು ಬೆಳವಕ್ಕಿಗಳನ್ನೋ ಎರಡು ಪಾರಿವಾಳದ ಮರಿಗಳನ್ನೋ ಕೊಡಬಹುದು ಎನ್ನುತ್ತದೆ ಯಾಜಕಕಾಂಡ. ಸಂತ ಲೂಕರು ಕುರಿಮರಿಯ ಮಾತನ್ನೇ ಎತ್ತುವುದಿಲ್ಲ, ಹಕ್ಕಿಗಳ ಮಾತನ್ನಷ್ಟೇ ಹೇಳುತ್ತಾರೆ. ಅಂದರೆ ಮರಿಯಮ್ಮ ಮತ್ತು ಜೋಸೆಫರದು ಅಂದಂದಿಗೆ ದುಡಿದು ತಿನ್ನುವ ಮನೆ. ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಬಹಳಷ್ಟು ಮನೆಗಳಂಥ ಮನೆ.

ಅಲ್ಲಿ ಸಿಮೆಯೋನರು ಬರುತ್ತಾರೆ. ಅವರು ಏನು ಮಾಡಿದರು, ಯಾವ ಕ್ರಮದಲ್ಲಿ ಮಾಡಿದರು ಎಂಬುದನ್ನು ಸ್ವಲ್ಪ ಗಮನಿಸಿ. ಮೊದಲು ಅವರು ಮಗುವನ್ನು ತಮ್ಮ ಕೈಗೆ ತೆಗೆದುಕೊಂಡರು. ಆಮೇಲೆ ದೇವರನ್ನು ಕೊಂಡಾಡಿದರು. ಆಮೇಲೆ ತಂದೆ ತಾಯಿಯನ್ನು ಹರಸಿದರು. ತಾಯಿಯ ಎದೆಯನ್ನು ಅಲಗು ತೂರಿಹೋಗುವುದೆಂಬ ಕಠಿಣವಾದ ಮಾತನ್ನು ಹೇಳಿದ್ದು ಎಲ್ಲಕ್ಕೂ ಕೊನೆಗೆ. ಮೊದಲು ಕೈ, ಆಮೇಲೆ ಮಾತು. ನಾವು ಇದನ್ನು ತಲೆಕೆಳಗು ಮಾಡುತ್ತೇವೆ. ಮಗುವಿರುವ ಮನೆಗೆ ಹೋದರೆ ಮೊದಲು ಮಾತು ಕೊಡುತ್ತೇವೆ, ಕೈ ಕೊಡುವುದನ್ನು ಮರೆಯುತ್ತೇವೆ.

ಈ ಮಾತನ್ನು ನಿಮಗೆ ಹೇಳುವ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಆ ಕುಟುಂಬದವರ ಅನುಮತಿ ಪಡೆದು, ಹೆಸರು ಬಿಟ್ಟು ಹೇಳುತ್ತಿದ್ದೇವೆ.

ಮೂರು ತಿಂಗಳ ಒಂದು ಕೂಸಿಗೆ ಜ್ಞಾನಸ್ನಾನ ಕೊಡುತ್ತಿದ್ದೆವು. ಜ್ಞಾನತಾಯಿ ಮಗುವನ್ನು ತೊಟ್ಟಿಯ ಮೇಲೆ ಬಾಗಿಸಿ ಹಿಡಿದಿದ್ದರು. ನೀರು ಸುರಿಯುವಾಗ ನಮ್ಮ ಕಣ್ಣಿಗೂ ಬಿತ್ತು: ಆ ಪುಟ್ಟ ತಲೆ ಹಿಂಬದಿಯಲ್ಲಿ ಬಲಗಡೆಗೆ ಚಪ್ಪಟೆಯಾಗಿತ್ತು. ಪೂಜೆ ಮುಗಿದ ಮೇಲೆ ಆ ತಾಯಿ ಪಕ್ಕಕ್ಕೆ ಬಂದು ಮೆಲ್ಲಗೆ, "ಫಾದರ್, ತಲೆ ಹೀಗಿದೆಯಲ್ಲ, ಸರಿಹೋಗುತ್ತಾ?" ಎಂದು ಕೇಳಿದರು. ಹೊರಗೆ ಊಟಕ್ಕೆ ಜನ ಕಾಯುತ್ತಿದ್ದರು. "ದೇವರ ಮೇಲೆ ಭಾರ ಹಾಕಮ್ಮ, ಎಲ್ಲ ಸರಿಹೋಗುತ್ತೆ" ಎಂದು ಹೇಳಿ ನಾವು ಮುಂದೆ ಹೋದೆವು.

ಎರಡು ತಿಂಗಳಾದ ಮೇಲೆ ಆ ತಾಯಿ ಗುರುಮನೆಗೆ ಬಂದರು. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಯ ಕೆಲಸ. ಹೆರಿಗೆಗೆ ಮುಂಚೆಯೇ ನಾಲ್ಕು ವಾರ ರಜೆ ತೆಗೆದುಕೊಂಡಿದ್ದರಿಂದ ಮಗುವಿಗೆ ಐದು ತಿಂಗಳು ತುಂಬುವಾಗ ರಜೆ ಮುಗಿಯುತ್ತಿತ್ತು. ಅದೇ ವಾರ ಬೆಂಗಳೂರಿನಲ್ಲಿ ಮಕ್ಕಳ ವೈದ್ಯರು ಮಗುವನ್ನು ನೋಡಿ, ಕುತ್ತಿಗೆಯ ಒಂದು ಕಡೆಯ ಸ್ನಾಯು ಬಿಗಿದಿದೆ, ಅದಕ್ಕೇ ಮಗು ಯಾವಾಗಲೂ ಬಲಕ್ಕೇ ತಿರುಗಿ ಮಲಗುತ್ತದೆ, ಫಿಸಿಯೋಥೆರಪಿ ಬೇಕು, ಮನೆಯಲ್ಲೂ ದಿನಕ್ಕೆ ಹಲವು ಸಲ ವ್ಯಾಯಾಮ ಮಾಡಿಸಬೇಕು ಎಂದಿದ್ದರು. "ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ರಾತ್ರಿ ಏಳಕ್ಕೆ ಬರ್ತೀನಿ ಫಾದರ್. ಯಾವಾಗ ಮಾಡಿಸಲಿ? ಕೆಲಸ ಬಿಡೋಣ ಅಂದ್ರೆ ಮನೆ ಸಾಲ ಇದೆ" ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಹದಿನಾಲ್ಕನೇ ವಾರದ ಚುಚ್ಚುಮದ್ದಿಗೆ ಹೋದಾಗಲೇ ಸಿಸ್ಟರನ್ನ ಕೇಳಬೇಕು ಅಂತಿದ್ದೆ. ಫಾದರೇ ಏನಿಲ್ಲ ಅಂದಿದ್ದಾರಲ್ಲ ಅಂತ ಅತ್ತೆ ಅಂದ್ರು. ಸುಮ್ಮನಾದೆ."

ಆ ತಾಯಿ ನಮ್ಮನ್ನು ದೂರಲು ಬಂದಿರಲಿಲ್ಲ. ಆದರೆ ಆ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತದೆ. ದೇವರ ಮೇಲೆ ಭಾರ ಹಾಕು ಎಂದು ಹೇಳಿದ ನಾವು ನಮ್ಮ ಪಾಲಿನ ಭಾರವನ್ನೂ ದೇವರ ಮೇಲೆಯೇ ಹಾಕಿಬಿಟ್ಟಿದ್ದೆವು.

ಪ್ರಿಯರೇ, ಅಂದಿನಿಂದ ಈ ವಿಷಯವನ್ನು ವೈದ್ಯರಿಂದ ಕೇಳಿ, ಓದಿ ತಿಳಿದುಕೊಂಡೆವು. ನಮ್ಮ ಮನೆಗಳಲ್ಲಿ ಕೂಸುಗಳಿವೆ, ಕೆಲಸಕ್ಕೆ ಹೋಗುವ ತಾಯಂದಿರಿದ್ದಾರೆ. ಆದ್ದರಿಂದ ಈ ಹಬ್ಬದ ದಿನ ಇದನ್ನು ಬಿಡಿಸಿ ಹೇಳುವುದು ನಮ್ಮ ಕರ್ತವ್ಯ ಎಂದುಕೊಂಡಿದ್ದೇವೆ.

ಕೂಸಿನ ತಲೆಬುರುಡೆ ನಮ್ಮ ನಿಮ್ಮ ತಲೆಯಂತೆ ಒಂದೇ ಗಟ್ಟಿ ಎಲುಬಲ್ಲ. ಹಲವು ಎಲುಬಿನ ಹಲಗೆಗಳು ಒಂದರ ಪಕ್ಕ ಒಂದು ಕೂಡಿಕೊಂಡಿರುತ್ತವೆ, ನಡುವೆ ಮೆತ್ತನೆಯ ಹೊಲಿಗೆಯಂಥ ಜಾಗ. ಹೆರಿಗೆಯ ಸಮಯದಲ್ಲಿ ತಲೆ ಹೊರಬರಲು ಮತ್ತು ಮೊದಲ ವರ್ಷದಲ್ಲಿ ಭರದಿಂದ ಬೆಳೆಯುವ ಮೆದುಳಿಗೆ ಜಾಗ ಕೊಡಲು ಸೃಷ್ಟಿಕರ್ತರು ಮಾಡಿರುವ ಏರ್ಪಾಡು ಅದು. ಮುಂದಿನ ನೆತ್ತಿ ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದೊಳಗೆ ಕೂಡಿಕೊಳ್ಳುತ್ತದೆ. ಇಷ್ಟು ಮೆತ್ತಗಿರುವ ತಲೆ ಒಂದೇ ಕಡೆಗೆ ಒರಗಿದ್ದರೆ ಆ ಕಡೆ ಚಪ್ಪಟೆಯಾಗುತ್ತದೆ. ಕುತ್ತಿಗೆ ಬಿಗಿದಿರುವ ಕೂಸುಗಳಿಗೆ, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ, ಬಹಳ ಹೊತ್ತು ಜೋಲಿಯಲ್ಲೋ ತೊಟ್ಟಿಲಲ್ಲೋ ಅಂಗಾತ ಮಲಗಿರುವ ಕೂಸುಗಳಿಗೆ ಇದು ಹೆಚ್ಚು.

ಹಾಗಾದರೆ ಮಗುವನ್ನು ಬೋರಲು ಮಲಗಿಸಿ ನಿದ್ದೆ ಮಾಡಿಸೋಣವೇ? ಬೇಡ. ಇದನ್ನು ಒತ್ತಿ ಹೇಳುತ್ತೇವೆ. ಬೋರಲು ಮಲಗಿದ ಕೂಸುಗಳು ನಿದ್ದೆಯಲ್ಲೇ ಹಠಾತ್ತನೆ ಸಾಯುವುದು ಹೆಚ್ಚು ಎಂಬುದು ತಿಳಿದ ಮೇಲೆ, 1992ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘವು ಕೂಸುಗಳನ್ನು ನಿದ್ದೆಗೆ ಬೋರಲು ಮಲಗಿಸಬೇಡಿ ಎಂದು ಸಲಹೆ ಕೊಟ್ಟಿತು. 1994ರಿಂದ ಅಲ್ಲಿ ದೊಡ್ಡ ಪ್ರಚಾರ ನಡೆಯಿತು. ಅಂಥ ಸಾವುಗಳು ಅರ್ಧಕ್ಕಿಂತ ಕಡಿಮೆಯಾದವು. ಅದರ ಜೊತೆಗೇ ಚಪ್ಪಟೆ ತಲೆಯ ಕೂಸುಗಳು ಹೆಚ್ಚಾದವು. ಜೀವ ಉಳಿಯಿತು, ತಲೆ ಸ್ವಲ್ಪ ಚಪ್ಪಟೆಯಾಯಿತು. ಆದ್ದರಿಂದ ನಿದ್ದೆಗೆ ಅಂಗಾತ. ಎಚ್ಚರವಿದ್ದಾಗ ಮಾತ್ರ, ದೊಡ್ಡವರು ಕಣ್ಣೆದುರು ಇದ್ದುಕೊಂಡು, ದಿನಕ್ಕೆ ಎರಡು ಮೂರು ಸಲ ಕೆಲವು ನಿಮಿಷ ಬೋರಲು ಹಾಕಿ ಆಡಿಸಬೇಕು. ದಿನ ಕಳೆದಂತೆ ಆ ಹೊತ್ತನ್ನು ಹೆಚ್ಚಿಸಬೇಕು.

ಇನ್ನು ನಮ್ಮ ಸೀಮೆಯ ಉಪಾಯಗಳು. ಸಾಸಿವೆ ದಿಂಬು, ರಾಗಿ ದಿಂಬು, ಬಟ್ಟೆಯ ಸಿಂಬಿ. ಅಜ್ಜಿಯರು ಪ್ರೀತಿಯಿಂದಲೇ ಮಾಡಿಕೊಡುತ್ತಾರೆ, ಆ ಪ್ರೀತಿಯನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಮಲಗಿರುವ ಕೂಸಿನ ಮುಖದ ಬಳಿ ಯಾವ ದಿಂಬೂ ಬೇಡ, ಉಸಿರು ಕಟ್ಟುವ ಅಪಾಯವಿದೆ ಎನ್ನುತ್ತಾರೆ ವೈದ್ಯರು. ಹಾಗೆಯೇ ಎರೆಯುವಾಗ ಎರಡೂ ಅಂಗೈಯಿಂದ ತಲೆಯನ್ನು ಒತ್ತಿ ತಿದ್ದುವುದು. ಚನ್ನಪಟ್ಟಣದ ಗೊಂಬೆ ಮಾಡುವವರು ಆಲೆ ಮರದ ತುಂಡನ್ನು ತಿರುಗಿಸಿ, ಉಳಿ ಹಿಡಿದು ಬೇಕಾದ ದುಂಡು ತೆಗೆಯುತ್ತಾರೆ. ಮರಕ್ಕೆ ಅದು ಸರಿ. ಕೂಸಿನ ತಲೆ ಹೊರಗಿನಿಂದ ಒತ್ತಿದರೆ ದುಂಡಾಗುವುದಿಲ್ಲ. ಒಳಗೆ ಮೆದುಳು ಬೆಳೆದಂತೆ, ಹೊರಗೆ ಒತ್ತಡ ತಪ್ಪಿದಂತೆ ತಾನೇ ದುಂಡಾಗುತ್ತದೆ.

ಈ ಒತ್ತಡ ತಪ್ಪಿಸುವುದು ಹೇಗೆ? ರೇಷ್ಮೆ ಸಾಕುವ ಮನೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹುಳುಗಳನ್ನು ತಟ್ಟೆಯಲ್ಲಿ ಹಾಕಿ ಹಾಗೇ ಬಿಟ್ಟುಬಿಡುತ್ತೀರೇ? ಹಾಸಿಗೆ ಬದಲಾಯಿಸುತ್ತೀರಿ, ಇಕ್ಕಟ್ಟಾದರೆ ಬಿಡಿಸಿ ಹರಡುತ್ತೀರಿ, ಜ್ವರಕ್ಕೆ ಕೂತಾಗ ಮುಟ್ಟುವುದಿಲ್ಲ, ಎದ್ದಾಗ ಅಪರಾತ್ರಿಯಲ್ಲೂ ಸೊಪ್ಪು ಹಾಕುತ್ತೀರಿ. ಕೂಸಿಗೂ ಅಂಥ ಕಣ್ಣು ಬೇಕು. ಮಗು ಬೆಳಕಿನ ಕಡೆಗೆ, ದನಿಯ ಕಡೆಗೆ ತಿರುಗುತ್ತದೆ. ಯಾವಾಗಲೂ ಬಲಕ್ಕೇ ತಿರುಗುವ ಕೂಸನ್ನು, ಎಡಗಡೆ ಬಾಗಿಲು ಬರುವಂತೆ ತಲೆ ಕಾಲು ಅದಲು ಬದಲು ಮಾಡಿ ಮಲಗಿಸಿ. ಎಡಗಡೆ ಕೂತು ಮಾತಾಡಿಸಿ. ಹಾಲು ಕುಡಿಸುವಾಗ ಕೈ ಬದಲಾಯಿಸಿ. ಎಚ್ಚರವಿದ್ದಾಗ ಹೆಗಲಿಗೆ ಹಾಕಿಕೊಂಡು ಓಡಾಡಿ. ಹೆಗಲ ಮೇಲಿರುವ ಕೂಸಿನ ತಲೆಯ ಹಿಂಭಾಗಕ್ಕೆ ಯಾವ ಒತ್ತಡವೂ ಇಲ್ಲ. ಕುತ್ತಿಗೆ ಬಿಗಿದಿದ್ದರೆ ಮಾತ್ರ ಫಿಸಿಯೋಥೆರಪಿಯವರು ಕಲಿಸಿದಂತೆ ವ್ಯಾಯಾಮ ಮಾಡಿಸಿ, ಸ್ವಂತ ಬುದ್ಧಿಯಿಂದ ಎಳೆಯಬೇಡಿ.

ತಲೆಗೆ ಹಾಕುವ ಹೆಲ್ಮೆಟ್ಟಿನ ಬಗ್ಗೆಯೂ ಈಗ ಎಲ್ಲರೂ ಕೇಳುತ್ತಾರೆ. ಕೂಸಿನ ತಲೆಯ ಅಳತೆ ತೆಗೆದು ಮಾಡುವ ಹಗುರವಾದ ಟೋಪಿ ಅದು; ದಿನಕ್ಕೆ 23 ಗಂಟೆಯಂತೆ ತಿಂಗಳುಗಟ್ಟಲೆ ಹಾಕಬೇಕು, ಖರ್ಚೂ ಹೆಚ್ಚು. ನೆದರ್ಲೆಂಡ್ಸ್‌ನಲ್ಲಿ 84 ಕೂಸುಗಳ ಮೇಲೆ ಒಂದು ಪರೀಕ್ಷೆ ನಡೆದು 2014ರಲ್ಲಿ ಪ್ರಕಟವಾಯಿತು. ಅರ್ಧ ಕೂಸುಗಳಿಗೆ ಹೆಲ್ಮೆಟ್, ಅರ್ಧಕ್ಕೆ ಇಲ್ಲ. ಎರಡು ವರ್ಷ ತುಂಬಿದಾಗ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕುತ್ತಿಗೆ ಬಿಗಿದ ಕೂಸುಗಳನ್ನೂ ಅತಿ ತೀವ್ರವಾಗಿ ಚಪ್ಪಟೆಯಾದ ತಲೆಗಳನ್ನೂ ಆ ಪರೀಕ್ಷೆಗೆ ಸೇರಿಸಿರಲಿಲ್ಲ. ಅಂಥವರಿಗೆ ಹೆಲ್ಮೆಟ್ ಬೇಕೇ ಎಂಬುದನ್ನು ವೈದ್ಯರು ಮಗುವನ್ನು ನೋಡಿಯೇ ಹೇಳಬೇಕು. ಆದ್ದರಿಂದ ಪಕ್ಕದ ಮನೆಯವರು ಹಾಕಿಸಿದರು ಎಂದು ಸಾಲ ಮಾಡಿ ಹಾಕಿಸಬೇಡಿ; ಹಾಕಿಸಲು ಆಗಲಿಲ್ಲವಲ್ಲ ಎಂದು ಕಣ್ಣೀರು ಹಾಕಲೂಬೇಡಿ.

ಆದರೆ ಒಂದು ಎಚ್ಚರಿಕೆ. ತಲೆ ಸೊಟ್ಟಗಾಗಿರುವುದೆಲ್ಲ ಮಲಗಿದ್ದರಿಂದಲೇ ಆದದ್ದಲ್ಲ. ಸುಮಾರು ಎರಡು ಸಾವಿರದಿಂದ ಎರಡೂವರೆ ಸಾವಿರ ಕೂಸುಗಳಲ್ಲಿ ಒಂದಕ್ಕೆ ತಲೆಯ ಆ ಹೊಲಿಗೆಗಳು ಅವಧಿಗೆ ಮುಂಚೆಯೇ ಕೂಡಿಕೊಂಡುಬಿಡುತ್ತವೆ. ಹುಟ್ಟಿದಾಗಿನಿಂದಲೇ ತಲೆಯ ಆಕಾರ ಬೇರೆಯಾಗಿದ್ದು ದಿನೇ ದಿನೇ ಹೆಚ್ಚುತ್ತಿದ್ದರೆ, ತಲೆಯ ಮೇಲೆ ಏಣಿನಂತೆ ಗಟ್ಟಿ ಗೆರೆ ಕೈಗೆ ಸಿಕ್ಕಿದರೆ, ನೆತ್ತಿ ಬೇಗ ಮುಚ್ಚಿಕೊಂಡರೆ ಅಥವಾ ಉಬ್ಬಿದ್ದರೆ, ತಲೆಯ ಸುತ್ತಳತೆ ಬೆಳೆಯದಿದ್ದರೆ ಅಥವಾ ಅತಿಯಾಗಿ ಬೆಳೆಯುತ್ತಿದ್ದರೆ ಒಂದು ದಿನವೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಹೊಲಿಗೆ ಮುಂಚೆಯೇ ಕೂಡಿಕೊಂಡಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು, ಅದಕ್ಕೆ ಮೊದಲ ತಿಂಗಳುಗಳೇ ಒಳ್ಳೆಯ ಕಾಲ. ಮಲಗಿದ್ದರಿಂದ ಆದ ಚಪ್ಪಟೆ ಮೆದುಳನ್ನು ಒತ್ತುವುದಿಲ್ಲ. ಇದು ಬೇರೆ, ಅದು ಬೇರೆ. ಇದಾವುದು, ಅದಾವುದು ಎಂದು ಹೇಳಬೇಕಾದವರು ವೈದ್ಯರು. ನೆರೆಯವರಲ್ಲ, ಗುರುಗಳೂ ಅಲ್ಲ. ನಾವು ಮಾಡಿದ ತಪ್ಪು ಅದೇ.

ಎಲ್ಲಿ ತೋರಿಸುವುದು? 6, 10 ಮತ್ತು 14ನೇ ವಾರದಲ್ಲಿ ಚುಚ್ಚುಮದ್ದಿಗೆ ಹೋಗುತ್ತೀರಲ್ಲ, ಅಲ್ಲೇ ಕೇಳಿ. ಅದಾದ ಮೇಲೆ ಸರ್ಕಾರದ ಪಟ್ಟಿಯಲ್ಲಿ ಮುಂದಿನ ಚುಚ್ಚುಮದ್ದು 9ನೇ ತಿಂಗಳಿಗೆ. ನಡುವಿನ ಐದಾರು ತಿಂಗಳಲ್ಲೇ ತಲೆ ತಿದ್ದಿಕೊಳ್ಳಲು ಒಳ್ಳೆಯ ಕಾಲ ಕಳೆದುಹೋಗುತ್ತದೆ. ಆ ಅವಧಿಯಲ್ಲೇ ತಾಯಿ ಕೆಲಸಕ್ಕೆ ಮರಳುತ್ತಾಳೆ. ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಮಗುವಿನ ತಲೆ ತೋರಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ಬರುತ್ತದೆ, ಅವರಿಗೆ ತೋರಿಸಿ. ದೊಡ್ಡ ಆಸ್ಪತ್ರೆಗೇ ಹೋಗಬೇಕಾದರೆ ಬೆಂಗಳೂರಿನಲ್ಲಿ ಸರ್ಕಾರದ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಇದೆ, ನಮ್ಮ ಧರ್ಮಸಭೆಯ ಸೇಂಟ್ ಜಾನ್ಸ್ ಇದೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ದುಡ್ಡಿಲ್ಲದಿದ್ದರೂ ದಿನ ಬೇಕಲ್ಲ! ಒಂದು ದಿನದ ಕೂಲಿ ಬಿಡಬೇಕಲ್ಲ! ಕಷ್ಟ ಇರುವುದು ಅಲ್ಲಿ.

ಈಗ ಕೆಲಸದ ಮಾತಿಗೆ ಬರೋಣ. ತಾಯಿ ದುಡಿಯಲು ಹೋಗುವುದೇ ತಪ್ಪು, ಅದಕ್ಕೇ ಮಗು ಹೀಗಾಯಿತು ಎಂದು ಆಡುವವರಿದ್ದಾರೆ. ಬೇಸರವೆಂದರೆ ಈ ಮಾತು ಪೂಜೆ ಮುಗಿದ ಮೇಲೆ ನಮ್ಮ ಗುಡಿಯ ಬಾಗಿಲಲ್ಲೇ ಕೇಳಿಬರುತ್ತದೆ. ಪ್ರಿಯರೇ, ಆ ಬಾಯಿಗಳನ್ನು ಇಂದು ನಾವು ಕಟ್ಟೋಣ. ತಾಯಿ ಮನೆಯಲ್ಲೇ ಇದ್ದ ಮೂರು ತಿಂಗಳಲ್ಲೇ ಆ ಕೂಸಿನ ತಲೆ ಚಪ್ಪಟೆಯಾಗಿತ್ತು. ಅದು ತಾಯಿಯ ಅಸಡ್ಡೆಯಲ್ಲ, ಕುತ್ತಿಗೆಯ ಒಂದು ಸ್ನಾಯುವಿನ ಬಿಗಿತ.

ಜಗದ್ಗುರು ಎರಡನೇ ಜಾನ್ ಪಾಲ್‌ರವರು 1981ರಲ್ಲಿ ದುಡಿಮೆಯ ಬಗ್ಗೆ 'ಲಾಬೊರೆಮ್ ಎಕ್ಸರ್ಸೆನ್ಸ್' ಎಂಬ ವಿಶ್ವಪತ್ರ ಬರೆದರು. ಹೆಣ್ಣುಮಕ್ಕಳು ದುಡಿಮೆಯಲ್ಲಿ ಮುಂದೆ ಬರಲು ತಮ್ಮ ತಾಯ್ತನವನ್ನು ಬೆಲೆಯಾಗಿ ತೆರುವಂತಾಗಬಾರದು, ಕೆಲಸದ ಏರ್ಪಾಡೇ ಅದಕ್ಕೆ ತಕ್ಕಂತೆ ಬದಲಾಗಬೇಕು ಎಂಬುದು ಅಲ್ಲಿನ ಬೋಧನೆಯ ಸಾರ. ದೇಶದ ಕಾನೂನೂ ಆ ದಾರಿಯಲ್ಲಿ ಸ್ವಲ್ಪ ನಡೆದಿದೆ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳ ಹೆರಿಗೆಗೆ 12 ವಾರವಿದ್ದ ರಜೆ 26 ವಾರವಾಯಿತು. 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಬಹುದು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು. ತಾಯಂದಿರೇ, ಇದು ಯಾರೋ ಕೊಡುವ ಭಿಕ್ಷೆಯಲ್ಲ, ನಿಮ್ಮ ಹಕ್ಕು. ಕೇಳಿ.

ಆದರೆ ನಮ್ಮ ಸೀಮೆಯಲ್ಲಿ ಈ ಕಾನೂನಿನ ನೆರಳು ಬೀಳದ ಮನೆಗಳೇ ಹೆಚ್ಚು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಗೂಡು ಹೋಗುವ ಸಣ್ಣ ಸಣ್ಣ ನೂಲು ಬಿಚ್ಚುವ ಘಟಕಗಳಲ್ಲಿ, ಬಿಸಿನೀರಿನ ಮುಂದೆ ನಿಂತು ಎಳೆ ಹುಡುಕುವ ಹೆಣ್ಣುಮಗಳಿಗೆ ಯಾವ 26 ವಾರ? ಕನಕಪುರದ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುವವಳಿಗೆ, ಮಾಗಡಿಯ ರಾಗಿ ಹೊಲದಲ್ಲಿ ಕಳೆ ಕೀಳುವವಳಿಗೆ, ಚನ್ನಪಟ್ಟಣದಲ್ಲಿ ಮನೆಯಲ್ಲೇ ಕೂತು ಗೊಂಬೆಗೆ ಬಣ್ಣ ಹಾಕುವವಳಿಗೆ ಯಾವ ಹೆರಿಗೆ ರಜೆ? ಎರಡು ಮೂರು ತಿಂಗಳಿಗೇ ಕೆಲಸಕ್ಕೆ ಇಳಿಯುತ್ತಾರೆ. ಕೂಸು ಮೂಲೆಯಲ್ಲಿ ಸೀರೆಯ ಜೋಲಿಯೊಳಗೆ ಗಂಟೆಗಟ್ಟಲೆ ಮಲಗಿರುತ್ತದೆ. ಅತ್ತರೆ ಒಂದು ತೂಗು. ಅಂಥ ಕೂಸಿನ ತಲೆ ಚಪ್ಪಟೆಯಾದರೆ ತಾಯಿಯನ್ನು ಕೇಳುವುದೇನು? ಆ ಹೊತ್ತಿನಲ್ಲಿ ಎತ್ತಿಕೊಳ್ಳುವ ಕೈ ಅಲ್ಲಿ ಇನ್ನೊಂದು ಇರಲಿಲ್ಲವಲ್ಲ ಎಂದು ನಮ್ಮನ್ನೇ ಕೇಳಿಕೊಳ್ಳಬೇಕು. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಸರ್ಕಾರ 2023ರಿಂದ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯುತ್ತಾ ಬಂದಿದೆ. ನಿಮ್ಮ ಪಂಚಾಯಿತಿಯಲ್ಲಿ ಇದೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.

ಆ ಕುಟುಂಬದ ಕಥೆ ಮುಂದೇನಾಯಿತು ಎಂದು ನೀವು ಕೇಳಬಹುದು. ಅಂದು ಸಂಜೆಯೇ ನಾವು ಅವರ ಮನೆಗೆ ಹೋದೆವು. ಮೊದಲು ಅತ್ತೆಯವರ ಮುಂದೆ, "ಅಮ್ಮ, ಅವತ್ತು ನಾವು ತಿಳಿಯದೆ ಹೇಳಿದ್ದು" ಎಂದು ಒಪ್ಪಿಕೊಂಡೆವು. ಆ ಹಿರಿಯರು ಗಾಬರಿಯಾಗಿ, "ಅಯ್ಯೋ, ನೀವು ಹಾಗನ್ನಬಾರದು ಫಾದರ್" ಎಂದರು. ಆಮೇಲೆ ಎಲ್ಲರೂ ಕೂತು ಲೆಕ್ಕ ಹಾಕಿದೆವು. ಪ್ರಾರ್ಥನೆ ಕೊನೆಗೆ ಮಾಡಿದೆವು, ಮೊದಲು ಲೆಕ್ಕ. ಬೆಳಿಗ್ಗೆ ಹೊರಡುವ ಮುಂಚೆ ಒಂದು ಸಲ, ರಾತ್ರಿ ಬಂದ ಮೇಲೆ ಒಂದು ಸಲ ವ್ಯಾಯಾಮ ತಾಯಿಯದು. ತಂದೆ ಗೂಡ್ಸ್ ಆಟೋ ಓಡಿಸುವವರು, ಬೆಳಿಗ್ಗೆ ಮಾರುಕಟ್ಟೆಗೆ ಗೂಡು ಸಾಗಿಸಿ ಮಧ್ಯಾಹ್ನ ಬಿಡುವಾಗುತ್ತಾರೆ, ಮಧ್ಯಾಹ್ನದ್ದು ಅವರದು. ನಡುವಿನದ್ದು ಅಜ್ಜಿಯದು. ಎದುರು ಬೀದಿಯಲ್ಲೇ ಇರುವ ಜ್ಞಾನತಾಯಿ, "ಗುಡಿಯಲ್ಲಿ ಹಿಡಿದುಕೊಂಡದ್ದು ಫೋಟೋಗಾ? ಹನ್ನೊಂದು ಗಂಟೆಗೆ ನಾನು ಬಂದು ಒಂದು ಗಂಟೆ ಎತ್ತಿಕೊಂಡಿರ್ತೀನಿ" ಎಂದರು. ಕಾರ್ಖಾನೆಯವರನ್ನು ಕೇಳಿದಾಗ ವಾರಕ್ಕೆ ಅರ್ಧ ದಿನ, ಸಂಬಳವಿಲ್ಲದ ರಜೆ ಒಪ್ಪಿದರು. ಆ ಅರ್ಧ ದಿನದಲ್ಲಿ ಆಸ್ಪತ್ರೆ.

ಎಲ್ಲಕ್ಕಿಂತ ನಮ್ಮ ಮನಸ್ಸು ತುಂಬಿದ್ದು ಆ ಅಜ್ಜಿಯಿಂದ. ಎರಡನೇ ವಾರ ಅವರೇ ಬಸ್ಸು ಹತ್ತಿ ಸೊಸೆಯ ಜೊತೆ ಆಸ್ಪತ್ರೆಗೆ ಹೋದರು. ವ್ಯಾಯಾಮ ಹೇಳಿಕೊಡುವ ಹುಡುಗಿಗೆ, "ಇವಳ ಕೈಗೆ ಕಲಿಸಿದ್ದು ಸಾಕಮ್ಮ, ಹಗಲೆಲ್ಲ ಮಗು ಇರೋದು ನನ್ನ ಕೈಲಿ. ನನ್ನ ಕೈ ಹಿಡಿದು ಕಲಿಸು" ಎಂದರಂತೆ. ಸಾಸಿವೆ ದಿಂಬನ್ನು ತಾವೇ ಬಿಚ್ಚಿ ಸಾಸಿವೆಯನ್ನು ಒಗ್ಗರಣೆ ಡಬ್ಬಿಗೆ ಸುರಿದರು.

ಪವಾಡವೇನೂ ನಡೆಯಲಿಲ್ಲ. ಕೆಲಸಕ್ಕೆ ಮರಳಿದ ಮೊದಲ ವಾರ ಆ ತಾಯಿ ಹೊಲಿಗೆ ಯಂತ್ರದ ಮುಂದೆ ಎದೆಹಾಲು ಸೋರಿ ಅತ್ತದ್ದುಂಟು. ಒಂದು ದಿನ ಆಸ್ಪತ್ರೆಯಲ್ಲಿ ಸರದಿ ಬರುವ ಹೊತ್ತಿಗೆ ಸಮಯ ಮುಗಿದು ಬರಿಗೈಯಲ್ಲಿ ಬಂದದ್ದುಂಟು. ಮರಿಯಮ್ಮನವರ ಎದೆಯ ಅಲಗು ಎಂದರೆ ನಾವು ಶಿಲುಬೆಯ ಬುಡವನ್ನಷ್ಟೇ ನೆನೆಯುತ್ತೇವೆ. ಅಳುವ ಕೂಸನ್ನು ಬಿಟ್ಟು ಬೆಳಗಿನ ಬಸ್ಸು ಹತ್ತುವ ತಾಯಿಯ ಎದೆಯಲ್ಲೂ ಅದರ ಮೊನೆ ಇರುತ್ತದೆ. ಮೂರು ನಾಲ್ಕು ತಿಂಗಳಲ್ಲಿ ಕುತ್ತಿಗೆ ಸಡಿಲವಾಯಿತು, ಮಗು ಎರಡೂ ಕಡೆ ತಿರುಗಿತು, ಮಗುಚಿತು, ಕೂತಿತು. ಕೂತ ಮೇಲೆ ತಲೆಗೆ ಒತ್ತಡ ತಾನೇ ತಪ್ಪಿತು. ಈಗ ಆ ಮಗು ನಡೆಯುತ್ತದೆ. ಕೈಯಿಟ್ಟು ನೋಡಿದರೆ ಬಲಗಡೆ ಇನ್ನೂ ಸ್ವಲ್ಪ ಚಪ್ಪಟೆ ಸಿಗುತ್ತದೆ. ಕೂದಲು ಬಂದಿದೆ, ಕಾಣುವುದಿಲ್ಲ. ತಾಯಿಯ ಕೈಗೆ ಮಾತ್ರ ಗೊತ್ತು.

ಇಂದಿನ ಶುಭಸಂದೇಶದ ಕೊನೆಯನ್ನು ನೆನಪಿಸಿಕೊಳ್ಳಿ. ಅವರು ನಜರೇತಿಗೆ ಹಿಂದಿರುಗಿದರು, ಮಗು ಬೆಳೆದು ಬಲಗೊಂಡಿತು ಎನ್ನುತ್ತಾರೆ ಲೂಕರು. ಇಷ್ಟೇ. ಒಂದೆರಡು ಸಾಲಿನಲ್ಲಿ ಅದೆಷ್ಟೋ ವರ್ಷ! ಆ ಸಾಲಿನೊಳಗೆ ಎಷ್ಟು ರಾತ್ರಿಯ ನಿದ್ದೆಗೇಡು, ಜೋಸೆಫರ ಎಷ್ಟು ದಿನದ ಮರಗೆಲಸ, ನೆರೆಯವರ ಎಷ್ಟು ತೋಳು ಇದ್ದಿರಬೇಕು! ಮಗು ಬೆಳೆಯುವುದು ಹೀಗೆಯೇ, ಯಾರೂ ಬರೆದಿಡದ ಕೆಲಸದಿಂದ.

ಆದ್ದರಿಂದ ಈ ಹಬ್ಬದ ದಿನ ನಿಮ್ಮಲ್ಲಿ ಕೆಲವು ಬೇಡಿಕೆ.

ತಂದೆಯರೇ, ಮಗುವನ್ನು ತಿರುಗಿಸಿ ಮಲಗಿಸುವುದು, ಹೆಗಲಿಗೆ ಹಾಕಿಕೊಳ್ಳುವುದು ಹೆಂಗಸರ ಕೆಲಸ ಎನ್ನಬೇಡಿ. ದೇವಾಲಯಕ್ಕೆ ಮರಿಯಮ್ಮ ಒಬ್ಬರೇ ಬರಲಿಲ್ಲ, ಜೋಸೆಫರು ಜೊತೆಗಿದ್ದರು.

ಅಜ್ಜ ಅಜ್ಜಿಯರೇ, ಸಿಮೆಯೋನರು ಇದ್ದರು, ಎಂಬತ್ತನಾಲ್ಕು ವರ್ಷದ ವಿಧವೆ ಅನ್ನಮ್ಮನವರಿದ್ದರು. ಆ ದಿನ ಕೂಸನ್ನು ಗುರುತಿಸಿದ್ದು ಇಂಥ ಹಿರಿಯರು. ಈಗಿನ ವೈದ್ಯರು ಹೇಳುವುದನ್ನು ನಿಮ್ಮ ಕೈಗಳೂ ಕಲಿಯಲಿ.

ಜ್ಞಾನತಂದೆ, ಜ್ಞಾನತಾಯಿಯರೇ, ಬೆಳ್ಳಿಯ ಬಳೆ ಕೊಟ್ಟು ಕೈತೊಳೆದುಕೊಳ್ಳಬೇಡಿ. ವಾರಕ್ಕೆ ಎರಡು ಗಂಟೆ ಕೊಡಿ.

ಮಾಲೀಕರೇ, ನಿಮ್ಮಲ್ಲೂ ಕೆಲವರು ಇಲ್ಲಿ ಕೂತಿದ್ದೀರಿ. ನಿಮ್ಮ ಘಟಕದಲ್ಲಿ 50 ಜನ ಇಲ್ಲದಿರಬಹುದು, ಕಾನೂನು ನಿಮ್ಮನ್ನು ಕೇಳದಿರಬಹುದು. ಜೋಲಿಯಲ್ಲಿರುವ ಕೂಸನ್ನು ಎತ್ತಿಕೊಳ್ಳಲು ತಾಯಿಗೆ ಎರಡು ಗಂಟೆಗೊಮ್ಮೆ ಹತ್ತು ನಿಮಿಷ ಕೊಟ್ಟರೆ ನೂಲೇನೂ ಹರಿದುಹೋಗುವುದಿಲ್ಲ.

ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರೇ, ಮಹಿಳಾ ಸಂಘದವರೇ, ಆಸ್ಪತ್ರೆಗೆ ಹೋಗಬೇಕಾದ ತಾಯಿಗೆ ಕಳೆದುಹೋಗುವ ಒಂದು ದಿನದ ಕೂಲಿಯನ್ನು ನಿಮ್ಮ ಲೆಕ್ಕದಲ್ಲಿ ಸೇರಿಸಿ. ಜೊತೆಗೆ ಹೋಗಲು ಒಬ್ಬರು ಇರಲಿ. ಈ ತಿಂಗಳ ಕಾಣಿಕೆಯಿಂದ ಅದಕ್ಕೊಂದು ಪಾಲು ತೆಗೆದಿಡಲು ಧರ್ಮಕೇಂದ್ರದ ಪಾಲನಾ ಮಂಡಳಿ ಒಪ್ಪಿದೆ.

ಇನ್ನು ನಮ್ಮ ಕಡೆಯಿಂದ ಒಂದು ಮಾತು. ಇನ್ನು ಮುಂದೆ ಜ್ಞಾನಸ್ನಾನಕ್ಕೆ ಹೆಸರು ಬರೆಸಲು ಬರುವ ಪ್ರತಿ ತಾಯಿಯನ್ನು ನಾವು ಕೇಳುತ್ತೇವೆ: ಮಗುವನ್ನು ವೈದ್ಯರಿಗೆ ತೋರಿಸಿದಿರಾ? ಕೆಲಸಕ್ಕೆ ಯಾವಾಗ ಹೋಗಬೇಕು? ಆಗ ಹಗಲು ಮಗುವನ್ನು ಯಾರು ಎತ್ತಿಕೊಳ್ಳುತ್ತಾರೆ? ಉತ್ತರ ಇಲ್ಲದಿದ್ದರೆ ನಾವೆಲ್ಲ ಸೇರಿ ಉತ್ತರ ಹುಡುಕೋಣ. ಎಲ್ಲ ಸರಿಹೋಗುತ್ತದೆ ಎಂದು ಹೇಳುವ ಹಕ್ಕು ಆಮೇಲೆ ನಮಗೆ ಬರುತ್ತದೆ.

ನಿಮ್ಮ ಕೈಯಲ್ಲಿದ್ದ ಮೇಣದಬತ್ತಿಗಳನ್ನು ಈಗ ಆರಿಸಿ ಮನೆಗೆ ಒಯ್ಯುತ್ತೀರಿ. ಕೈ ಖಾಲಿಯಾಗುತ್ತದೆ. ಹೋಗುವ ದಾರಿಯಲ್ಲಿ ಕೂಸಿರುವ ಮನೆಯೊಂದು ಸಿಕ್ಕೀತು. ಒಳಗೆ ಹೋಗಿ, ಕೈ ತೊಳೆದುಕೊಂಡು, ಮಗುವನ್ನು ಎತ್ತಿಕೊಳ್ಳಿ. ತಾಯಿ ಒಂದು ಗಳಿಗೆ ಕೂತುಕೊಳ್ಳಲಿ.

ಪ್ರಾರ್ಥಿಸೋಣ. ಸಿಮೆಯೋನರ ತೋಳುಗಳಲ್ಲಿ ಕೂಸಾಗಿ ಒರಗಿದ ಪ್ರಭುವೇ, ದುಡಿಯಲು ಹೋಗುವ ತಾಯಂದಿರನ್ನು ಕಾಪಾಡಿರಿ. ಚಿಕಿತ್ಸೆಯಲ್ಲಿರುವ ಕೂಸುಗಳನ್ನು ಹರಸಿರಿ. ಅವರಿಗೆ ಮದ್ದು ಮಾಡುವ ಕೈಗಳಿಗೆ ಚಾತುರ್ಯವನ್ನೂ ತಾಳ್ಮೆಯನ್ನೂ ದಯಪಾಲಿಸಿರಿ. ನಮ್ಮ ನಾಲಿಗೆಯನ್ನು ತಡೆದು, ನಮ್ಮ ಕೈಗಳನ್ನು ಚಾಚಲು ಕಲಿಸಿರಿ. ಆಮೆನ್.